ಮರುಭೂಮಿಯಲ್ಲಿ ಮೆಣಸಿನ ಗಿಡ: ಹೂವು ನಿಲ್ಲಿಸಿಕೊಳ್ಳುವ ಬೇಸಾಯ

ಪೀಠಿಕೆ

ಸಸ್ಯಗಳಿಗೂ ಹವಾಗುಣಕ್ಕೂ ಇರುವ ಸಂಬಂಧವನ್ನು ಬೋಧಿಸುವಾಗ ಮರುಭೂಮಿಯ ಸಸ್ಯವೆಂದರೆ ಪಾಪಾಸುಕಳ್ಳಿ ಎಂಬ ಒಂದೇ ಉದಾಹರಣೆಗೆ ನಾವು ತೃಪ್ತರಾಗುತ್ತೇವೆ. ಮರುಭೂಮಿಯಲ್ಲಿ ಜನರೂ ಬಾಳುತ್ತಾರೆ, ತಮ್ಮ ಆಹಾರದ ಒಂದು ಪಾಲನ್ನು ಅಲ್ಲಿಯೇ ಬೆಳೆದುಕೊಳ್ಳುತ್ತಾರೆ ಎಂಬ ಸಂಗತಿ ಪಾಠದಿಂದ ಹೊರಗೇ ಉಳಿಯುತ್ತದೆ. ಕಳ್ಳಿಯು ತನ್ನ ದೇಹರಚನೆಯಿಂದ ಬಿಸಿಲನ್ನು ತಾಳಿಕೊಳ್ಳುತ್ತದೆ. ಅಂತಹ ರಚನೆಯಿಲ್ಲದ ಬೆಳೆಯೊಂದನ್ನು ಅದೇ ಬಿಸಿಲಿನಲ್ಲಿ ಬೆಳೆಸಬೇಕಾದರೆ ಮನುಷ್ಯನು ತನ್ನ ಬುದ್ಧಿಯನ್ನು ಬಳಸಬೇಕಾಗುತ್ತದೆ. ಮಕ್ಕಳಿಗೆ ಚೆನ್ನಾಗಿ ಪರಿಚಯವಿರುವ ಮೆಣಸಿನ ಗಿಡ ಇದಕ್ಕೆ ಉತ್ತಮ ನಿದರ್ಶನ.

ಈ ವಿಷಯವನ್ನು ಆರಿಸಿಕೊಳ್ಳಲು ನನಗೆ ಇನ್ನೊಂದು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ರಾಯದುರ್ಗ ಸೀಮೆಯ ಒಂದು ಶಾಲೆಯಲ್ಲಿ ಮಾದರಿ ಪಾಠ ಮಾಡುತ್ತಿದ್ದೆ. ಬೇಸಿಗೆಯಲ್ಲಿ ಗಿಡದ ಹೂವು ಏಕೆ ಉದುರುತ್ತದೆ ಎಂದು ಕೇಳಿ, ನೀರು ಸಾಲದೆ ಉದುರುತ್ತದೆ ಎಂದು ನಾನೇ ಉತ್ತರವನ್ನೂ ಹೇಳಿದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮ ಮೆಣಸಿನ ಗಿಡಕ್ಕೆ ದಿನಾ ನೀರು ಹಾಕ್ತೀವಿ. ಆದ್ರೂ ಹೂವು ಉದುರ್ತಾವೆ. ರಾತ್ರಿ ಸೆಕೆ ಇದ್ರೆ ಕಾಯಿ ನಿಲ್ಲಲ್ಲ ಅಂತ ನಮ್ಮವ್ವ ಅಂತಾಳೆ” ಎಂದಳು. ಇನ್ನೂ ಸ್ವಲ್ಪ ಹೆಚ್ಚು ನೀರು ಹಾಕಿ ನೋಡಿರೆಂದು ಹೇಳಿ ನಾನು ಪಾಠವನ್ನು ಮುಂದುವರಿಸಿದೆ. ತರಗತಿ ಮುಗಿಯುವವರೆಗೆ ಅವಳು ಮತ್ತೆ ಕೈಯೆತ್ತಲಿಲ್ಲ. ಬಳಿಕ ವಿಷಯವನ್ನು ಓದಿ ತಿಳಿದಾಗ, ಅವಳ ತಾಯಿಯ ಮಾತು ಸರಿಯಾಗಿತ್ತು, ನನ್ನ ಉತ್ತರ ಅಪೂರ್ಣವಾಗಿತ್ತು ಎಂಬುದು ಮನವರಿಕೆಯಾಯಿತು. ಆ ತಾಯಿಯ ಮಾತನ್ನು ಮರುಭೂಮಿಯ ಬೇಸಾಯದ ಹಿನ್ನೆಲೆಯಲ್ಲಿ ವಿವರಿಸುವುದೇ ಈ ಲೇಖನದ ಉದ್ದೇಶ.

ಗಿಡದ ತವರು ಮತ್ತು ಹೆಸರು

ಮೆಣಸಿನಕಾಯಿ ನಮ್ಮ ನೆಲದ ಮೂಲ ಬೆಳೆಯಲ್ಲ. ಮೆಕ್ಸಿಕೋ ದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಬೇಸಾಯಕ್ಕೆ ಒಳಪಡಿಸಲಾಯಿತು. ಭಾರತಕ್ಕೆ ಅದನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಂದರು. ಅದಕ್ಕೆ ಮೊದಲು ನಮ್ಮವರಿಗೆ ಖಾರಕ್ಕೆ ಮುಖ್ಯ ಆಸರೆಯಾಗಿದ್ದುದು ಬಳ್ಳಿಯಲ್ಲಿ ಬಿಡುವ ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಜನರು ಆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು.

ಈ ಸಂಗತಿಯನ್ನು ಗಡಿನಾಡಿನ ತರಗತಿಯಲ್ಲಿ ತೋರಿಸಿಕೊಡುವುದು ಸುಲಭ. ಕನ್ನಡದಲ್ಲಿ ಮೆಣಸು, ಮೆಣಸಿನಕಾಯಿ. ತಮಿಳಿನಲ್ಲಿ ಮಿಳಗು, ಮಿಳಗಾಯ್. ತೆಲುಗಿನಲ್ಲಿ ಮಿರಿಯಾಲು, ಮಿರಪಕಾಯ. ಮರಾಠಿಯಲ್ಲಿ ಮಿರೀ, ಮಿರಚಿ. ಎಲ್ಲೆಡೆಯೂ ಎರಡನೆಯ ಹೆಸರು ಮೊದಲನೆಯದರ ನೆರಳಿನಲ್ಲಿಯೇ ಹುಟ್ಟಿದೆ. ತುಳುವಿನಲ್ಲಿ ಹೊಸಬನೇ ‘ಮುಂಚಿ’ ಎಂಬ ಹೆಸರನ್ನು ಪಡೆದುಕೊಂಡ. ಹಳೆಯ ಕಾಳುಮೆಣಸು ‘ಎಡ್ಡೆ ಮುಂಚಿ’, ಅಂದರೆ ಒಳ್ಳೆಯ ಮೆಣಸು, ಎನಿಸಿಕೊಂಡಿತು. ಮನೆಯಲ್ಲಿ ತೆಲುಗನ್ನೂ ಕನ್ನಡವನ್ನೂ ಬೆರೆಸಿ ಆಡುವ ಮಗು ‘ಮಿರಪಕಾಯ’ ಎಂದರೆ ಅದನ್ನು ತಪ್ಪೆಂದು ತಿದ್ದುವ ಬದಲು, ಎರಡೂ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಈ ಕಥೆಯನ್ನು ಹೇಳುವುದು ಲೇಸು.

ಬಿಸಿಲು ಗಿಡಕ್ಕೆ ಏನು ಮಾಡುತ್ತದೆ?

ಬಾಯಿಯನ್ನು ಸುಡುವ ಈ ಕಾಯಿ ಬಿಸಿಲನ್ನೂ ಸುಲಭವಾಗಿ ತಾಳೀತು ಎಂಬ ಭಾವನೆ ಮಕ್ಕಳಲ್ಲಿ ಸಾಮಾನ್ಯ. ವಾಸ್ತವವಾಗಿ ಮೆಣಸಿನ ಗಿಡಕ್ಕೆ ಹಿತವಾದ ಹಗಲಿನ ಉಷ್ಣತೆ ಸುಮಾರು 21ರಿಂದ 29 ಡಿಗ್ರಿ ಸೆಲ್ಸಿಯಸ್ ಮಾತ್ರ. ಬೇರಿಗೆ ನೀರು ದೊರೆಯುತ್ತಿದ್ದರೆ 40 ಡಿಗ್ರಿಯ ಬಿಸಿಲಿನಲ್ಲಿಯೂ ಗಿಡ ಸಾಯುವುದಿಲ್ಲ. ಎಲೆಗಳು ತಮ್ಮ ರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಹೊರಬಿಟ್ಟು ತಮ್ಮನ್ನು ತಂಪಾಗಿಟ್ಟುಕೊಳ್ಳುತ್ತವೆ. ಗಿಡ ಹಸಿರಾಗಿಯೇ ಇರುತ್ತದೆ, ಹೂವನ್ನೂ ಬಿಡುತ್ತದೆ. ಆದರೆ ಕಾಯಿ ಕಟ್ಟುವುದಿಲ್ಲ.

ಇದಕ್ಕೆ ಕಾರಣ ಹೂವಿನೊಳಗಿದೆ. ಹಗಲಿನ ಉಷ್ಣತೆ 32ರಿಂದ 35 ಡಿಗ್ರಿಯನ್ನು ದಾಟಿ, ರಾತ್ರಿಯ ಉಷ್ಣತೆಯೂ 24 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಪರಾಗವು ಸತ್ತ್ವ ಕಳೆದುಕೊಳ್ಳುತ್ತದೆ. ಪರಾಗಸ್ಪರ್ಶವಾದರೂ ಗರ್ಭಧಾರಣೆಯಾಗುವುದಿಲ್ಲ. ಅಂತಹ ಹೂವನ್ನು ಗಿಡ ತೊಟ್ಟಿನ ಬುಡದಲ್ಲಿಯೇ ಕಳಚಿಕೊಳ್ಳುತ್ತದೆ. ರಾತ್ರಿಯ ಸೆಕೆಗೆ ಇನ್ನೊಂದು ಪರಿಣಾಮವೂ ಉಂಟು. ಸಸ್ಯವು ಹಗಲು ತಯಾರಿಸಿದ ಸಕ್ಕರೆಯ ಒಂದಂಶವನ್ನು ರಾತ್ರಿ ಉಸಿರಾಟಕ್ಕೆ ವ್ಯಯಿಸುತ್ತದೆ. ರಾತ್ರಿ ಬಿಸಿಯಾಗಿದ್ದಷ್ಟೂ ಈ ವೆಚ್ಚ ಹೆಚ್ಚಿ, ಎಳೆಯ ಕಾಯಿಗೆ ದೊರೆಯಬೇಕಾದ ಪಾಲು ಕುಗ್ಗುತ್ತದೆ.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪರಾಗಕಣಗಳು ರೂಪುಗೊಳ್ಳುವುದು ಹೂವು ಅರಳುವ ದಿನದಂದಲ್ಲ, ಅದಕ್ಕೆ ಸುಮಾರು ಎರಡು ವಾರ ಮೊದಲೇ, ಇನ್ನೂ ಸಣ್ಣದಾಗಿರುವ ಮೊಗ್ಗಿನಲ್ಲಿ. ಆ ಘಟ್ಟದಲ್ಲಿ ತಗುಲಿದ ತಾಪವೂ ಹೂವನ್ನು ಕೆಡಿಸುತ್ತದೆ. ಆದುದರಿಂದ ಇಂದು ಉದುರಿದ ಹೂವು ಹದಿನೈದು ದಿನಗಳ ಹಿಂದಿನ ಬಿಸಿಲಿನ ಲೆಕ್ಕವನ್ನೂ ಒಪ್ಪಿಸುತ್ತಿರಬಹುದು. ಹವೆ ತಂಪಾದ ಕೂಡಲೇ ಕಾಯಿ ನಿಲ್ಲದೆ, ಒಂದೆರಡು ವಾರ ಕಳೆದ ಮೇಲೆ ನಿಲ್ಲುವುದಕ್ಕೆ ಇದೊಂದು ಕಾರಣ.

ನೀರಿನ ಕೊರತೆಯಿಂದಲೂ ಹೂವು ಉದುರುತ್ತದೆ ಎಂಬುದು ನಿಜ. ಆದರೆ ನೀರು ಸಾಕಷ್ಟಿದ್ದೂ ಉದುರಿದರೆ ತಾಪವನ್ನು, ಅದರಲ್ಲಿಯೂ ರಾತ್ರಿಯ ತಾಪವನ್ನು ಶಂಕಿಸಬೇಕು. ಕಾರಣ ತಿಳಿಯದೆ ಮತ್ತಷ್ಟು ನೀರು ಹಾಕಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಅಂದು ನಾನು ಕೊಟ್ಟ ಸಲಹೆ ಇಂತಹುದೇ ಆಗಿತ್ತು.

ಮರುಭೂಮಿಯ ರೈತನ ಮುಂದಿರುವ ಪ್ರಶ್ನೆ ಈಗ ಸ್ಪಷ್ಟವಾಗುತ್ತದೆ. ಗಿಡವನ್ನು ಬದುಕಿಸಿಕೊಳ್ಳುವುದಷ್ಟೇ ಅವನ ಕೆಲಸವಲ್ಲ, ಹೂವನ್ನು ನಿಲ್ಲಿಸಿಕೊಳ್ಳಬೇಕು. ಇದಕ್ಕೆ ಅವನಿಗಿರುವ ಸಾಧನಗಳು ಮೂರು: ಕಾಲ, ನೆರಳು ಮತ್ತು ನೀರು.

ಮೊದಲನೆಯ ಸಾಧನ: ಕಾಲ

ರಾಜಸ್ಥಾನದ ಥಾರ್ ಮರುಭೂಮಿಯ ಅಂಚಿನಲ್ಲಿ ಜೋಧಪುರವಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 360 ಮಿಲಿಮೀಟರ್. ಮೇ ತಿಂಗಳಿನಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ 41 ಡಿಗ್ರಿಯ ಆಸುಪಾಸಿನಲ್ಲಿದ್ದು, ರಾತ್ರಿಯದು 27ರ ಆಸುಪಾಸಿನಲ್ಲಿರುತ್ತದೆ. ಅದೇ ಸೀಮೆಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಉಷ್ಣತೆ ದಾಖಲಾಗಿತ್ತು. ಇಂತಹ ಪ್ರದೇಶದಲ್ಲಿ, ಜೋಧಪುರದ ಸಮೀಪದ ಮಥಾನಿಯಾ ಎಂಬ ಊರು ತನ್ನ ಕೆಂಪು ಮೆಣಸಿನಕಾಯಿಯಿಂದಲೇ ಹೆಸರು ಗಳಿಸಿತು. ರಾಜಸ್ಥಾನದ ಪ್ರಸಿದ್ಧ ಅಡುಗೆಯಾದ ‘ಲಾಲ್ ಮಾಸ್’ಗೆ ಕಡುಗೆಂಪು ಬಣ್ಣ ಬರುವುದು ಈ ಮೆಣಸಿನಕಾಯಿಯಿಂದ.

ಇದು ಹೇಗೆ ಸಾಧ್ಯವಾಯಿತು? ಬೇಸಿಗೆಯ ಬಿಸಿಲಿನಲ್ಲಿ ಅಲ್ಲಿನ ರೈತ ಗಿಡದಿಂದ ಕಾಯಿಯನ್ನು ನಿರೀಕ್ಷಿಸುವುದಿಲ್ಲ. ಸಸಿಯನ್ನು ಮಡಿಯಲ್ಲಿ ಬೆಳೆಸಿಕೊಂಡು ಮಳೆಗಾಲದ ಹೊತ್ತಿಗೆ ನಾಟಿ ಮಾಡುತ್ತಾನೆ. ಮಳೆಯ ದಿನಗಳಲ್ಲಿ ಗಿಡ ಬೇರು ಬಿಟ್ಟು ಕವಲೊಡೆಯುತ್ತದೆ. ಮಳೆಗಾಲ ಕಳೆದು ರಾತ್ರಿಗಳು ತಂಪಾಗತೊಡಗಿದಾಗ ಹೂವುಗಳು ಕಾಯಾಗಿ ನಿಲ್ಲುತ್ತವೆ. ಜೋಧಪುರದಲ್ಲಿ ಅಕ್ಟೋಬರಿನ ರಾತ್ರಿಯ ಉಷ್ಣತೆ ಸರಾಸರಿ 20 ಡಿಗ್ರಿಯ ಸುತ್ತ ಇರುತ್ತದೆ. ಕಾಯಿ ಕೆಂಪಾಗಿ ಒಣಗುವ ವೇಳೆಗೆ ಚಳಿಗಾಲದ ಒಣಹವೆ ಬಂದಿರುತ್ತದೆ. ಮರುಭೂಮಿಯ ಒಣಹವೆ ಇಲ್ಲಿ ವರವಾಗಿ ಪರಿಣಮಿಸುತ್ತದೆ. ಕಾಯಿ ಬೂಷ್ಟು ಹಿಡಿಯದೆ ಒಣಗುತ್ತದೆ.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಮನೆಯಂಗಳದ ಕೃಷಿಕರು ಬೇರೊಂದು ಲೆಕ್ಕಾಚಾರವನ್ನು ಅನುಸರಿಸುತ್ತಾರೆ. ಚಳಿಗಾಲದ ಕೊನೆಯಲ್ಲಿ ನೆಟ್ಟು ಜೂನ್ ತಿಂಗಳ ಬಿಸಿಲು ಏರುವ ಮೊದಲೇ ಒಂದು ಫಸಲನ್ನು ಪಡೆಯುತ್ತಾರೆ. ಕಡುಬೇಸಿಗೆಯಲ್ಲಿ ನೆರಳು ಕೊಟ್ಟು ಗಿಡವನ್ನು ಕೇವಲ ಬದುಕಿಸಿಕೊಳ್ಳುತ್ತಾರೆ. ಶರತ್ಕಾಲದ ತಂಪು ಬಂದಾಗ ಅದೇ ಗಿಡದಿಂದ ಎರಡನೆಯ ಫಸಲು ಸಿಗುತ್ತದೆ. ಬೇಸಿಗೆಯಲ್ಲಿ ಕಾಯಿ ಬಿಡದ ಗಿಡ ಕೆಟ್ಟ ಗಿಡವೆಂದು ಕಿತ್ತೆಸೆಯುವವರು ಈ ಎರಡನೆಯ ಫಸಲನ್ನು ಕಳೆದುಕೊಳ್ಳುತ್ತಾರೆ.

ಎರಡನೆಯ ಸಾಧನ: ನೆರಳು

ನೆರಳಿನ ಪಾಠವನ್ನು ಮೆಣಸಿನ ಕಾಡುಜಾತಿಯಿಂದಲೇ ಕಲಿಯಬಹುದು. ಮೆಕ್ಸಿಕೋ ಮತ್ತು ಅರಿಜೋನಾಗಳಲ್ಲಿ ಹರಡಿರುವ ಸೊನೋರಾ ಮರುಭೂಮಿ ಪ್ರದೇಶದಲ್ಲಿ ‘ಚಿಲ್ಟೆಪಿನ್’ ಎಂಬ ಕಾಡುಮೆಣಸು ಬೆಳೆಯುತ್ತದೆ. ಅದರ ಹಣ್ಣು ಬಟಾಣಿಗಿಂತ ಚಿಕ್ಕದು, ಬಣ್ಣ ಕೆಂಪು, ಖಾರ ತೀಕ್ಷ್ಣ. ಅದರ ರಕ್ಷಣೆಗಾಗಿ ಅರಿಜೋನಾದ ತುಮಾಕಾಕೋರಿ ಪ್ರದೇಶದಲ್ಲಿ 1999ರಲ್ಲಿ ಒಂದು ಸಂರಕ್ಷಿತ ವಲಯವನ್ನೇ ಘೋಷಿಸಲಾಯಿತು.

ಈ ಗಿಡ ಬಯಲಿನಲ್ಲಿ ಕಾಣಸಿಗುವುದು ಅಪರೂಪ. ಮೆಸ್ಕೀಟ್ ಮುಂತಾದ ಮರಗಳ ಕೆಳಗೆ, ಪೊದೆಗಳ ಮರೆಯಲ್ಲಿ ಅದು ನೆಲೆಗೊಳ್ಳುತ್ತದೆ. ಮೇಲಿನ ಮರವು ಬೇಸಿಗೆಯಲ್ಲಿ ಬಿಸಿಲನ್ನೂ ಚಳಿಗಾಲದಲ್ಲಿ ಹಿಮವನ್ನೂ ತಡೆಯುತ್ತದೆ. ಇಂತಹ ಮರಕ್ಕೆ ಸಸ್ಯವಿಜ್ಞಾನಿಗಳು ‘ದಾದಿ ಸಸ್ಯ’ ಎಂಬ ಅರ್ಥದ ಹೆಸರನ್ನು ಬಳಸುತ್ತಾರೆ. ಬೀಜವು ಅಲ್ಲಿಗೆ ಹೋಗಿ ಬೀಳುವುದಾದರೂ ಹೇಗೆ? ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದಿಲ್ಲ. ಅವು ಹಣ್ಣನ್ನು ನುಂಗಿ, ಮರದ ಕೊಂಬೆಯ ಮೇಲೆ ಕುಳಿತಾಗ ಬೀಜವನ್ನು ಹಿಕ್ಕೆಯೊಡನೆ ನೆರಳಿನ ನೆಲಕ್ಕೇ ಬೀಳಿಸುತ್ತವೆ. ಇಲಿ ಮುಂತಾದ ಸ್ತನಿಗಳು ಬೀಜವನ್ನು ಅಗಿದು ಹಾಳುಮಾಡುತ್ತವೆ. ಅವುಗಳನ್ನು ಖಾರವು ದೂರವಿಡುತ್ತದೆ. ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ ಎಂಬ ವಿಜ್ಞಾನಿಗಳು ಅರಿಜೋನಾದ ಕಾಡುಮೆಣಸಿನ ಮೇಲೆ ನಡೆಸಿದ ಈ ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿದರು.

ಮೆಸ್ಕೀಟ್ ನಮಗೆ ಅಪರಿಚಿತವಾದ ಮರವೇನಲ್ಲ. ರಾಯದುರ್ಗ, ಆದವಾನಿ ಸೀಮೆಗಳ ಬೀಳುನೆಲವನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಮೆಸ್ಕೀಟ್ ಬಳಗದ ಮರವೇ. ಆದರೆ ಹೊಲದಲ್ಲಿ ಅದನ್ನು ನೆರಳಿಗೆಂದು ಬೆಳೆಸಬಾರದು. ನೆಲದ ನೀರನ್ನು ಹೀರಿ ಬೇರೆ ಸಸ್ಯಗಳನ್ನು ಹತ್ತಿಕ್ಕುವ ಸ್ವಭಾವ ಅದರದು. ಥಾರ್ ಪ್ರದೇಶದ ರೈತರು ಹೊಲದಲ್ಲಿ ಉಳಿಸಿಕೊಳ್ಳುವ ಮರ ಖೇಜ್ರಿ. ದಸರೆಯಲ್ಲಿ ನಾವು ಪೂಜಿಸುವ ಬನ್ನಿ ಮರವೇ ಅದು. ಬೇರು ಆಳಕ್ಕೆ ಇಳಿಯುವುದರಿಂದಲೂ ನೆರಳು ವಿರಳವಾಗಿರುವುದರಿಂದಲೂ ಅದರ ಸುತ್ತ ಬೆಳೆ ಬರುತ್ತದೆ.

ಮರವಿಲ್ಲದೆಡೆ ನೆರಳು ಪರದೆಯನ್ನು ಬಳಸುತ್ತಾರೆ. ಬಿಸಿಲಿನ ಶೇಕಡಾ 30ರಿಂದ 50ರಷ್ಟನ್ನು ತಡೆಯುವ ಪರದೆ ಸಾಕು. ಅದಕ್ಕಿಂತ ದಟ್ಟವಾದ ನೆರಳಿನಲ್ಲಿ ಗಿಡ ಸೊರಗಿ ಉದ್ದವಾಗುತ್ತದೆ, ಹೂವೂ ಕಡಿಮೆಯಾಗುತ್ತದೆ. ನೆರಳಿನಿಂದ ಇನ್ನೊಂದು ಲಾಭವಿದೆ. ನೇರ ಬಿಸಿಲು ಬಿದ್ದ ಕಾಯಿಯ ಮೇಲೆ ಕಾಗದದಂತಹ ಬಿಳಿಯ ಕಲೆ ಮೂಡುವುದುಂಟು. ಪರದೆಯಿದ್ದರೆ ಈ ಹಾನಿ ತಪ್ಪುತ್ತದೆ. ಮರುಭೂಮಿಯಲ್ಲಿ ಎಲೆಗಳನ್ನು ಸವರಬಾರದು ಎನ್ನುವುದೂ ಇದಕ್ಕಾಗಿಯೇ, ಏಕೆಂದರೆ ಕಾಯಿಗೆ ಮೊದಲ ಕೊಡೆ ಎಲೆ.

ಆದರೆ ನೆರಳು ಹಗಲಿನ ತಾಪವನ್ನು ತಗ್ಗಿಸುತ್ತದೆಯೇ ಹೊರತು ರಾತ್ರಿಯ ಸೆಕೆಯನ್ನಲ್ಲ. ಕಾಲವನ್ನು ಮೊದಲನೆಯ ಸಾಧನವೆಂದು ಹೇಳಿದ್ದು ಈ ಕಾರಣದಿಂದಲೇ.

ಮೂರನೆಯ ಸಾಧನ: ನೀರು

ಮರುಭೂಮಿಯಲ್ಲಿ ನೀರು ಕಡಿಮೆ. ಅಷ್ಟೇ ಅಲ್ಲ, ಹಾಕಿದ ನೀರು ಬೇಗ ಆರಿಹೋಗುತ್ತದೆ. ಮಣ್ಣು ಒಮ್ಮೆ ಒಣಗಿ ಒಮ್ಮೆ ತೊಯ್ದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಇದು ಕೀಟದ ಬಾಧೆಯಲ್ಲ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ನೀರಿನೊಡನೆಯೇ ಸಾಗುವುದರಿಂದ, ನೀರಿನ ಓಟ ತಡೆದಾಗ ಅದು ಕಾಯಿಯ ತುದಿಯವರೆಗೆ ತಲುಪುವುದಿಲ್ಲ. ಆದುದರಿಂದ ಹೆಚ್ಚು ನೀರಿಗಿಂತ ಸಮನಾದ ನೀರು ಮುಖ್ಯ.

ಇದಕ್ಕೆ ಬಹಳ ಹಳೆಯ ಉಪಾಯ ಮಡಕೆ ನೀರಾವರಿ. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿದರೆ, ಸುತ್ತಲಿನ ಮಣ್ಣು ಒಣಗಿದಷ್ಟೂ ನೀರು ಜಿನುಗುತ್ತದೆ. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಕೃಷಿ ಗ್ರಂಥದಲ್ಲಿಯೇ ಈ ವಿಧಾನದ ವಿವರಣೆಯಿದೆ. ಇತ್ತೀಚಿನದು ಹನಿ ನೀರಾವರಿ. ಇಸ್ರೇಲಿನ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಸಾಮೂಹಿಕ ಗ್ರಾಮದಲ್ಲಿ 1965ರಲ್ಲಿ ಇದರ ಉದ್ಯಮ ಆರಂಭವಾಯಿತು. ಅದರಿಂದ ದಕ್ಷಿಣಕ್ಕಿರುವ ಅರಾವಾ ಕಣಿವೆಯಲ್ಲಿ ಮಳೆ ಅತ್ಯಲ್ಪ. ಆದರೂ ಅಲ್ಲಿ ಬೇಸಿಗೆಯ ಕೊನೆಯಲ್ಲಿ ನಾಟಿ ಮಾಡಿ, ಪರದೆಯ ಮನೆಗಳಲ್ಲಿ ಹನಿ ನೀರು ಕೊಟ್ಟು, ಚಳಿಗಾಲದಲ್ಲಿ ದೊಡ್ಡಮೆಣಸಿನಕಾಯಿಯನ್ನು ಕೊಯ್ಯುತ್ತಾರೆ. ಕಾಲ, ನೆರಳು, ನೀರು ಈ ಮೂರೂ ಅಲ್ಲಿ ಒಟ್ಟಿಗೆ ಕೂಡಿರುವುದನ್ನು ಗಮನಿಸಬೇಕು. ಇವುಗಳೊಡನೆ ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿದರೆ ಮಣ್ಣಿನ ತಾಪ ತಗ್ಗಿ ತೇವ ಉಳಿಯುತ್ತದೆ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಬೇಕು. ನೀರು ಆವಿಯಾದಾಗ ಅದರಲ್ಲಿದ್ದ ಲವಣ ಮಣ್ಣಿನಲ್ಲಿಯೇ ಉಳಿಯುತ್ತದೆ, ಮೆಣಸಿನ ಗಿಡವಾದರೋ ಲವಣವನ್ನು ಹೆಚ್ಚು ಸಹಿಸದು. ಮಥಾನಿಯಾದ ಕಥೆಯ ಉತ್ತರಾರ್ಧ ಇದೇ. ಕೊಳವೆಬಾವಿಗಳ ನೀರು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದು ಉಪ್ಪಾಯಿತು, ಬೆಳೆಗೆ ರೋಗವೂ ತಗುಲಿತು. ಅನೇಕ ರೈತರು ಮೆಣಸಿನಕಾಯಿಯನ್ನು ಬಿಟ್ಟು ಬೇರೆ ಬೆಳೆಗಳಿಗೆ ಹೊರಳಿದರು. ಹೂವನ್ನು ಕಾಯಲು ಬಲ್ಲ ರೈತರಿದ್ದರೂ ನೀರನ್ನು ಕಾಯಲಾಗದಿದ್ದರೆ ಊರಿನ ಹೆಸರಿನ ಬೆಳೆಯೇ ಊರನ್ನು ಬಿಟ್ಟುಹೋಗುತ್ತದೆ. ಶುಷ್ಕ ಪ್ರದೇಶಗಳ ಇಂತಹ ಸಮಸ್ಯೆಗಳನ್ನು ಅಭ್ಯಸಿಸುವ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ 1959ರಿಂದ ಜೋಧಪುರದಲ್ಲಿಯೇ ಇದೆ.

ನಮ್ಮ ಸೀಮೆ ಮರುಭೂಮಿಯಲ್ಲ. ಆದರೆ ಅನಂತಪುರ ಭಾಗದ ವಾರ್ಷಿಕ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಕಣೇಕಲ್ಲು, ಬೊಮ್ಮನಹಾಳು ಕಡೆಯಲ್ಲಿ ಹಗರಿ ನದಿಯ ಮರಳು ಗಾಳಿಗೆ ಹಾರಿ ಹೊಲಗಳ ಮೇಲೆ ದಿಬ್ಬವಾಗುವುದನ್ನು ಅಲ್ಲಿನ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಆದವಾನಿ ಸೀಮೆಯ ಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. ಮಥಾನಿಯಾದ ಕಥೆ ಇಂತಹ ಮಕ್ಕಳಿಗೆ ದೂರದ ಕಥೆಯೆನಿಸದು.

ಖಾರವೂ ಉರಿಯೂ

ಖಾರವನ್ನು ಉಂಟುಮಾಡುವ ಕ್ಯಾಪ್ಸೈಸಿನ್ ಎಂಬ ವಸ್ತು ಬೀಜದಲ್ಲಿ ತಯಾರಾಗುವುದಿಲ್ಲ, ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ತಯಾರಾಗುತ್ತದೆ. ನಮ್ಮ ನರಗಳಲ್ಲಿ ಸುಮಾರು 43 ಡಿಗ್ರಿಗಿಂತ ಹೆಚ್ಚಿನ ತಾಪವನ್ನು ಗುರುತಿಸುವ ಒಂದು ಗ್ರಾಹಕವಿದೆ. ಕ್ಯಾಪ್ಸೈಸಿನ್ ಅದನ್ನೇ ಪ್ರಚೋದಿಸುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಖಾರ ತಿಂದವರು ‘ಬಾಯಿ ಉರಿಯುತ್ತದೆ’ ಎನ್ನುವುದು ಕೇವಲ ಉಪಮೆಯಲ್ಲ. ಶರೀರ ಅದನ್ನು ಬಿಸಿಯೆಂದೇ ತಿಳಿಯುತ್ತದೆ.

ತರಗತಿಯ ಚಟುವಟಿಕೆ

ಡಿಸೆಂಬರ್ ಮೊದಲ ವಾರದಲ್ಲಿ ಬೀಜ ಬಿತ್ತಿದರೆ ಜನವರಿ ಮಧ್ಯಕ್ಕೆ ಸಸಿ ನಾಟಿಗೆ ಬರುತ್ತದೆ, ಮಾರ್ಚ್ ವೇಳೆಗೆ ಹೂವು ಕಾಣಿಸುತ್ತದೆ.

1. ಶಾಲೆಯ ಅಂಗಳದಲ್ಲಿ ಅಥವಾ ಕುಂಡಗಳಲ್ಲಿ ಒಂದೇ ತಳಿಯ ನಾಲ್ಕು ಗಿಡಗಳನ್ನು ಬೆಳೆಸಬೇಕು. ಎರಡಕ್ಕೆ ನಾಲ್ಕು ಕೋಲು ನೆಟ್ಟು ಹಳೆಯ ತೆಳು ಸೀರೆಯ ನೆರಳು ಕಟ್ಟಬೇಕು, ಎರಡನ್ನು ಬಯಲಿನಲ್ಲಿಡಬೇಕು. ನಾಲ್ಕಕ್ಕೂ ಅಳತೆ ಮಾಡಿ ಒಂದೇ ಪ್ರಮಾಣದ ನೀರು ಕೊಡಬೇಕು.

2. ಅಂದು ಅರಳಿದ ಹೂವಿನ ತೊಟ್ಟಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ ದಿನಾಂಕವನ್ನು ಬರೆದುಕೊಳ್ಳಬೇಕು. ಏಳನೆಯ ದಿನ ಎಷ್ಟು ನಿಂತಿವೆ, ಎಷ್ಟು ಉದುರಿವೆ ಎಂದು ಎಣಿಸಬೇಕು.

3. ಪ್ರತಿದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯನ್ನು ಉಷ್ಣಮಾಪಕದಿಂದ ಅಥವಾ ದಿನಪತ್ರಿಕೆಯಿಂದ ಗುರುತಿಸಿಕೊಳ್ಳಬೇಕು.

4. ಮಾರ್ಚ್ ಮೊದಲ ವಾರದ ಎಣಿಕೆಯನ್ನು ಏಪ್ರಿಲ್ ತಿಂಗಳ ಎಣಿಕೆಯೊಡನೆ ಹೋಲಿಸಬೇಕು. ಹೂವು ಉದುರಿದ ದಿನದ ಉಷ್ಣತೆಯ ಜೊತೆಗೆ ಅದಕ್ಕೆ ಎರಡು ವಾರ ಹಿಂದಿನ ಉಷ್ಣತೆಯನ್ನೂ ನೋಡಲು ಹೇಳಬೇಕು.

5. ‘ಹೂವು ಏಕೆ ಉದುರುತ್ತದೆ?’ ಎಂಬ ಪ್ರಶ್ನೆಯನ್ನು ಮಕ್ಕಳು ಮನೆಯ ಹಿರಿಯರಿಗೆ ಕೇಳಿ, ಅವರ ಮಾತನ್ನು ಅವರು ಆಡಿದ ಭಾಷೆಯಲ್ಲಿಯೇ ಬರೆದು ತರಬೇಕು. ಬಳಿಕ ಆ ಮಾತುಗಳಲ್ಲಿ ಯಾವುದನ್ನು ತರಗತಿಯ ಎಣಿಕೆ ಸಮರ್ಥಿಸುತ್ತದೆ, ಯಾವುದನ್ನು ಸಮರ್ಥಿಸುವುದಿಲ್ಲ ಎಂದು ಚರ್ಚಿಸಬೇಕು.

ಕಾಯಿಯನ್ನು ಕೊಯ್ದು ತೋರಿಸುವ ಕೆಲಸವನ್ನು ಶಿಕ್ಷಕರೇ ಮಾಡಬೇಕು. ಮಕ್ಕಳು ಅದೇ ಕೈಯಿಂದ ಕಣ್ಣು ಮುಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಕ್ಯಾಪ್ಸೈಸಿನ್ ಬರಿಯ ನೀರಿನಲ್ಲಿ ಕರಗದು; ಕೈಗೆ ಎಣ್ಣೆ ಸವರಿ ಸಾಬೂನಿನಿಂದ ತೊಳೆಯಬೇಕು.

ಉಪಸಂಹಾರ

ಐದನೆಯ ಚಟುವಟಿಕೆಯನ್ನು ಬಿಡಬಾರದೆಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿಶೇಷ ವಿನಂತಿ. ಗಡಿನಾಡಿನ ಮಗು ಶಾಲೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಹೊಲದ ಅನುಭವವನ್ನು ಮನೆಯ ಮಾತಿನಲ್ಲಿ ಕಟ್ಟಿಕೊಂಡು ಬರುತ್ತದೆ. ‘ಪರಾಗದ ಸತ್ತ್ವನಾಶ’ ಎಂಬುದು ಪಠ್ಯದ ಮಾತು, ‘ರಾತ್ರಿ ಸೆಕೆ ಇದ್ದರೆ ಕಾಯಿ ನಿಲ್ಲುವುದಿಲ್ಲ’ ಎಂಬುದು ಮನೆಯ ಮಾತು. ಎರಡೂ ಹೇಳುವುದು ಒಂದನ್ನೇ. ಮನೆಯ ಮಾತಿನಿಂದ ಆರಂಭಿಸಿ ಪಠ್ಯದ ಮಾತಿಗೆ ಮಗುವನ್ನು ಕರೆದೊಯ್ಯುವುದು ಶಿಕ್ಷಕರ ಕರ್ತವ್ಯ. ಅಂದು ಆ ಹುಡುಗಿಯನ್ನು ನಾನು ‘ನಿಮ್ಮವ್ವ ಇನ್ನೇನು ಹೇಳುತ್ತಾಳೆ?’ ಎಂದು ಕೇಳಬೇಕಾಗಿತ್ತು. ನಿಮ್ಮ ತರಗತಿಯಲ್ಲಿ ಅಂತಹ ಕೈಯೊಂದು ಮೇಲೆದ್ದಾಗ ದಯವಿಟ್ಟು ಕೇಳಿ.